ಪೆಟ್ಟಿಗೆಗೆ ಹೋದ ಪುಸ್ತಕ, ಫ್ರೀಜರಿನಲ್ಲಿದ್ದ ರಕ್ತ

2012ರ ಜನವರಿಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿನ ಹೈಸ್ಕೂಲುಗಳಿಗೆ ಶಾಲಾ ಆಡಳಿತದವರು ಬಂದರು. ಏಳು ಪುಸ್ತಕಗಳ ಪ್ರತಿಗಳನ್ನು ತರಗತಿಗಳಿಂದ ಎತ್ತಿ, ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ, ಗೋದಾಮಿಗೆ ಸಾಗಿಸಿದರು. ಕೆಲವು ಕಡೆ ಮಕ್ಕಳ ಕಣ್ಣೆದುರೇ ಇದು ನಡೆಯಿತು. ಆ ಏಳರಲ್ಲಿ ಮೆಕ್ಸಿಕನ್ ಅಮೆರಿಕನ್ನರ ಇತಿಹಾಸ ಇತ್ತು, ಕೊಲಂಬಸ್ ಬಂದದ್ದನ್ನು ಅಲ್ಲಿನ ಮೂಲನಿವಾಸಿಗಳ ಕಡೆಯಿಂದ ನೋಡುವ ಬರಹಗಳಿದ್ದವು. ಬ್ರೆಜಿಲಿನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಅವರ ಪುಸ್ತಕವೂ ಇತ್ತು.

ಟೂಸಾನಿನ ಸರ್ಕಾರಿ ಶಾಲೆಗಳಲ್ಲಿ 1998ರಿಂದ ‘ಮೆಕ್ಸಿಕನ್ ಅಮೆರಿಕನ್ ಅಧ್ಯಯನ’ ಅನ್ನೋ ಪಾಠಕ್ರಮ ನಡೆಯುತ್ತಿತ್ತು. ಅಲ್ಲಿ ಓದುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಮೆಕ್ಸಿಕೊ ಮೂಲದ ಮನೆಗಳವರು. ತಮ್ಮ ಅಜ್ಜ ಅಜ್ಜಿಯರ ಕಥೆಯನ್ನು ಶಾಲೆಯ ಪುಸ್ತಕದಲ್ಲಿ ಅವರು ಮೊದಲ ಸಲ ಓದಿದ್ದು ಇಲ್ಲಿ. 2010ರಲ್ಲಿ ಅರಿಜೋನಾ ಸರ್ಕಾರ ಕಾನೂನು ತಂದಿತು. ಒಂದು ಜನಾಂಗದ ಮಕ್ಕಳಿಗಾಗಿಯೇ ಮಾಡಿದ ಪಾಠ ಇರಕೂಡದು, ಜನಾಂಗದ ಒಗ್ಗಟ್ಟನ್ನು ಬೆಳೆಸುವ ಪಾಠ ಇರಕೂಡದು, ಇನ್ನೊಂದು ಜನಾಂಗದ ಮೇಲೆ ಸಿಟ್ಟು ಬರಿಸುವ ಪಾಠ ಇರಕೂಡದು ಎಂದು ಅದು ಹೇಳಿತು. ಸರ್ಕಾರವೇ ದುಡ್ಡು ಕೊಟ್ಟು ಹೊರಗಿನವರಿಂದ ತಪಾಸಣೆ ಮಾಡಿಸಿತು. ಪಾಠದಲ್ಲಿ ಕಾನೂನು ಮುರಿಯುವಂಥದ್ದು ಏನೂ ಕಾಣುತ್ತಿಲ್ಲ ಎಂದು ತಪಾಸಣೆಯವರು ಬರೆದುಕೊಟ್ಟರು. ಆದರೂ ಅನುದಾನ ಕಡಿತದ ಬೆದರಿಕೆ ಬಂತು. ಶಾಲಾ ಮಂಡಳಿ ಕೈಚೆಲ್ಲಿತು.

ಮಕ್ಕಳು ಸುಮ್ನೆ ಕೂರಲಿಲ್ಲ. 2011ರ ಏಪ್ರಿಲ್‌ನಲ್ಲಿ ಮಂಡಳಿಯ ಸಭೆಗೆ ನುಗ್ಗಿ, ಸದಸ್ಯರ ಕುರ್ಚಿಗಳಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡು ಕೂತರು. ಅವತ್ತು ಸಭೆ ನಡೆಯಲಿಲ್ಲ. ಆಮೇಲೆ ಕೋರ್ಟು, ಮೇಲ್ಮನವಿ, ವರ್ಷಗಟ್ಟಲೆ ಓಡಾಟ. ಈ ಪಾಠ ಕಲಿತ ಮಕ್ಕಳು ಪರೀಕ್ಷೆ ಪಾಸಾಗುವ, ಹೈಸ್ಕೂಲು ಮುಗಿಸುವ ಸಾಧ್ಯತೆ ಜಾಸ್ತಿ ಎಂದು ನಡುವೆ ಸಂಶೋಧಕರು ಅಂಕಿಅಂಶ ಸಮೇತ ತೋರಿಸಿದರು. ಕೊನೆಗೆ 2017ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಈ ಕಾನೂನು ಮಾಡಿದ್ದರ ಹಿಂದೆಯೂ ಜಾರಿ ಮಾಡಿದ್ದರ ಹಿಂದೆಯೂ ಜನಾಂಗ ದ್ವೇಷ ಇದೆ, ಇದು ಸಂವಿಧಾನಕ್ಕೆ ವಿರುದ್ಧ ಎಂದಿತು ನ್ಯಾಯಾಲಯ. ಶಿಕ್ಷಣ ಇಲಾಖೆಯ ಮುಖ್ಯಸ್ಥರೇ ಸುಳ್ಳು ಹೆಸರಿನಲ್ಲಿ ಅಂತರ್ಜಾಲದಲ್ಲಿ ಬರೆದಿದ್ದ ಮಾತುಗಳು ಸಾಕ್ಷಿಯಾಗಿ ಬಂದಿದ್ದವು.

ತೀರ್ಪು ಕೊಟ್ಟವರು ಎ. ವ್ಯಾಲೇಸ್ ತಶೀಮಾ. 1934ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು, ಜಪಾನಿ ಮೂಲದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಅವರ ಸರ್ಕಾರವೇ ಬಂಧನ ಶಿಬಿರಗಳಿಗೆ ಹಾಕಿತಲ್ಲ, ಪುಟ್ಟ ಹುಡುಗ ತಶೀಮಾ ಕೂಡ ಹಾಗೆ ಹೋದವರು. ಆ ಶಿಬಿರ ಇದ್ದದ್ದು ಇದೇ ಅರಿಜೋನಾದಲ್ಲಿ. ಜಾಗದ ಹೆಸರು ಪೋಸ್ಟನ್.

ಪೋಸ್ಟನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇವತ್ತಿನ ನನ್ನ ಮಾತಿನ ಎಲ್ಲ ಎಳೆಗಳೂ ಅಲ್ಲಿ ಸೇರುತ್ತವೆ.

ಕೊಲರಾಡೊ ನದಿಯ ದಡದ ಮರಳುಗಾಡು ಅದು. ಮೊಹಾವಿ ಮತ್ತು ಚೆಮೆಹುಯೆವಿ ಜನರಿಗೆಂದು ಗುರುತಿಸಿದ ಮೀಸಲು ಭೂಮಿ. 1942ರಲ್ಲಿ ಇಲ್ಲಿ ಶಿಬಿರ ಕಟ್ಟುತ್ತೇವೆ ಎಂದು ಸರ್ಕಾರ ಹೇಳಿದಾಗ ಬುಡಕಟ್ಟಿನ ಮಂಡಳಿ ಬೇಡ ಎಂದಿತು. ನಮಗೆ ಮಾಡಿದ್ದನ್ನೇ ಇನ್ನೊಬ್ಬರಿಗೆ ಮಾಡುವುದರಲ್ಲಿ ನಾವು ಪಾಲುದಾರರಾಗುವುದಿಲ್ಲ ಎಂಬುದು ಅವರ ನಿಲುವು. ಯಾರೂ ಕೇಳಲಿಲ್ಲ. ಬ್ಯಾರಕ್ಕುಗಳು ಎದ್ದವು, 17 ಸಾವಿರಕ್ಕೂ ಹೆಚ್ಚು ಜನರನ್ನು ತಂದು ತುಂಬಿದರು. ಬಂಧಿತರ ಕೈಯಲ್ಲೇ ಅಲ್ಲಿ ಕಾಲುವೆ ತೋಡಿಸಿದರು, ಶಾಲೆ ಕಟ್ಟಿಸಿದರು. ಯುದ್ಧ ಮುಗಿಯುವ ಹೊತ್ತಿಗೆ ಅವೇ ಬ್ಯಾರಕ್ಕುಗಳಿಗೆ ಹೋಪಿ ಮತ್ತು ನವಾಹೊ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದರು.

ಅಲ್ಲಿ ವಿದ್ವಾಂಸರೂ ಇದ್ದರು. ಶಿಬಿರ ತೆರೆದ ವರ್ಷವೇ ಅಲ್ಲೊಂದು ಸಮಾಜ ಸಂಶೋಧನಾ ಘಟಕ ಶುರುವಾಯಿತು. ಅಲೆಕ್ಸಾಂಡರ್ ಲೇಟನ್ ಎಂಬ ಮನೋವೈದ್ಯರು ಅದರ ಮುಖ್ಯಸ್ಥರು. ಶಿಬಿರವನ್ನು ಆಗ ನಡೆಸುತ್ತಿದ್ದದ್ದು ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಇಲಾಖೆ. ಕೂಡಿಹಾಕಿದ ಜನ ಹೇಗೆ ಯೋಚಿಸುತ್ತಾರೆ, ಯಾವಾಗ ತಿರುಗಿ ಬೀಳುತ್ತಾರೆ, ಅವರನ್ನು ಹೇಗೆ ಆಳಬೇಕು ಎಂಬುದು ಅಧ್ಯಯನದ ವಿಷಯ. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ವಿಶ್ವವಿದ್ಯಾಲಯದ ಇನ್ನೊಂದು ಯೋಜನೆಯೂ ಅಲ್ಲಿ ಟಿಪ್ಪಣಿ ಬರೆಸುತ್ತಿತ್ತು. ನೆಲ ಒಬ್ಬರದು, ಬಂಧನದಲ್ಲಿದ್ದವರು ಇನ್ನೊಬ್ಬರು, ಪ್ರಶ್ನೆ ಕೇಳುವ ಹಕ್ಕು ಮೂರನೆಯವರದು. ಪ್ರಶ್ನೆ ಕೇಳುವ ಹಕ್ಕು ಯಾರದು ಎಂಬುದೇ ನಾನು ಇವತ್ತು ಹಿಡಿದುಕೊಂಡಿರುವ ವಿಷಯ.

ಪೋಸ್ಟನ್ನಿಗೆ ಹೋದ ಕುಟುಂಬಗಳಲ್ಲಿ ಮುನೆಮಿತ್ಸು ಅನ್ನೋ ರೈತ ಕುಟುಂಬ ಒಂದು. ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್‌ನಲ್ಲಿದ್ದ ತಮ್ಮ ತೋಟವನ್ನು ಅವರು ಗೊನ್ಸಾಲೊ ಮೆಂಡೆಸ್ ಮತ್ತು ಫೆಲಿಸಿತಾಸ್ ಮೆಂಡೆಸ್ ದಂಪತಿಗೆ ಗುತ್ತಿಗೆ ಕೊಟ್ಟು ಹೋದರು. ಗೊನ್ಸಾಲೊ ಮೆಕ್ಸಿಕೊದವರು, ಫೆಲಿಸಿತಾಸ್ ಪೋರ್ಟೊ ರಿಕೊದವರು. ತೋಟಕ್ಕೆ ಬಂದ ಮೇಲೆ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಬೇಕಿತ್ತು. ಮಕ್ಕಳನ್ನು ಕರೆದುಕೊಂಡು ಹೋದದ್ದು ಸೋದರತ್ತೆ ಸೊಲೆದಾದ್. ಅವರ ಸ್ವಂತ ಮಕ್ಕಳು ಬೆಳ್ಳಗಿದ್ದರು, ಮನೆತನದ ಹೆಸರು ವಿದೌರ್ರಿ, ಕೇಳಿದರೆ ಫ್ರೆಂಚ್ ಹೆಸರಿನ ಹಾಗೆ ಇತ್ತು. ಶಾಲೆಯವರು ಆ ಮಕ್ಕಳನ್ನು ಸೇರಿಸಿಕೊಂಡರು. ಕಪ್ಪಗಿದ್ದ ಮೆಂಡೆಸ್ ಮಕ್ಕಳಿಗೆ ಮೆಕ್ಸಿಕನ್ ಮಕ್ಕಳ ಶಾಲೆಯ ದಾರಿ ತೋರಿಸಿದರು. ಸೊಲೆದಾದ್ ತಮ್ಮ ಮಕ್ಕಳನ್ನೂ ಸೇರಿಸದೆ ಎಲ್ಲರನ್ನೂ ವಾಪಸ್ ಕರೆದುಕೊಂಡು ಬಂದರು. ಒಂದೇ ಮನೆಯ ಮಕ್ಕಳಿಗೆ ಎರಡು ಬಾಗಿಲು, ನೋಡಿ.

ಮೆಂಡೆಸ್ ದಂಪತಿ ಬೇರೆ ನಾಲ್ಕು ಕುಟುಂಬಗಳ ಜೊತೆ ಸೇರಿ ಕೇಸು ಹಾಕಿದರು. ಗಾರ್ಡನ್ ಗ್ರೋವ್ ಊರಿನ ಶಾಲಾ ಅಧೀಕ್ಷಕರು ಸಾಕ್ಷಿ ಹೇಳಲು ಬಂದರು. ಶುಚಿತ್ವದಲ್ಲಿ, ಬುದ್ಧಿಯಲ್ಲಿ ಮೆಕ್ಸಿಕನ್ ಮಕ್ಕಳು ಕೀಳು ಎಂದು ಕಟಕಟೆಯಲ್ಲಿ ನಿಂತು ಹೇಳಿದರು. ಅವರು ಮೆಕ್ಸಿಕನ್ ಮಕ್ಕಳನ್ನು ಪ್ರತ್ಯೇಕವಾಗಿ ಇಡುವುದರ ಬಗ್ಗೆಯೇ ಸ್ನಾತಕೋತ್ತರ ಪ್ರಬಂಧ ಬರೆದಿದ್ದವರು. ವಿಶ್ವವಿದ್ಯಾಲಯವೊಂದು ಅದಕ್ಕೆ ಪದವಿ ಕೊಟ್ಟಿತ್ತು. ಮಕ್ಕಳ ಕಡೆಯಿಂದ ಮಾನವಶಾಸ್ತ್ರಜ್ಞ ರಾಲ್ಫ್ ಬೀಲ್ಸ್ ಸಾಕ್ಷಿ ಹೇಳಿದರು. ಬೇರೆ ಬೇರೆ ಕೂರಿಸುವುದೇ ಮಕ್ಕಳಿಗೆ ಹಾನಿ ಎಂದರು. ಹೀಗೆ ಪಾಂಡಿತ್ಯ ಎರಡೂ ಕಡೆ ನಿಂತಿತ್ತು. 1946ರಲ್ಲಿ ಮೆಂಡೆಸ್ ಕುಟುಂಬ ಗೆದ್ದಿತು, 1947ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು.

ಈ ಗೆಲುವಿನ ಕಥೆ ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತದೆ. ಆದರೆ ಆಗಿನ ಕ್ಯಾಲಿಫೋರ್ನಿಯಾದ ಕಾನೂನು ಏನು ಹೇಳುತ್ತಿತ್ತು ಎಂದು ನೋಡಿ. ಚೀನೀ, ಜಪಾನಿ, ಮಂಗೋಲಿಯನ್ ಮೂಲದ ಮಕ್ಕಳಿಗೆ ಬೇರೆ ಶಾಲೆ ಮಾಡಬಹುದು. ‘ಇಂಡಿಯನ್’ ಮಕ್ಕಳಿಗೂ, ಅಂದರೆ ಅಮೆರಿಕ ಖಂಡದ ಮೂಲನಿವಾಸಿಗಳ ಮಕ್ಕಳಿಗೂ ಮಾಡಬಹುದು, ಆದರೆ ಅಮೆರಿಕ ದೇಶದ ಮೂಲ ಇಂಡಿಯನ್ನರ ವಂಶದ ಮಕ್ಕಳಿಗೆ ಬೇಡ. 1935ರಲ್ಲಿ ಸೇರಿಸಿದ ವಿನಾಯಿತಿ ಇದು. ಹಾಗಾದರೆ ಉಳಿದ ‘ಇಂಡಿಯನ್’ ಮಕ್ಕಳು ಯಾರು? ಗಡಿಯಾಚೆಯಿಂದ ಬಂದವರು ತಾನೇ! ಮೆಕ್ಸಿಕನ್ ಅನ್ನೋ ಪದ ಕಾನೂನಿನಲ್ಲಿ ಎಲ್ಲೂ ಇಲ್ಲ. ಕೋರ್ಟಿನಲ್ಲಿ ಎರಡೂ ಕಡೆಯವರು ಇಲ್ಲಿ ಜನಾಂಗದ ಪ್ರಶ್ನೆ ಇಲ್ಲ ಎಂದು ಒಪ್ಪಿಕೊಂಡೇ ವಾದ ನಡೆಸಿದರು. ಅಂದರೆ ಗೆಲ್ಲಬೇಕಾದರೆ ಮೆಕ್ಸಿಕನ್ ಮಕ್ಕಳು ಬಿಳಿಯರ ಲೆಕ್ಕದಲ್ಲೇ ಇರಬೇಕಿತ್ತು. ತಮ್ಮೊಳಗಿನ ಮೂಲನಿವಾಸಿ ರಕ್ತದ ಮಾತೇ ಎತ್ತುವಂತಿರಲಿಲ್ಲ. ಮೆಂಡೆಸ್ ಕುಟುಂಬದ ಮೇಲೆ ನನಗೆ ಅಪಾರ ಗೌರವ ಇದೆ. ಅವರಿಗೆ ಬೇರೆ ದಾರಿ ಇರಲಿಲ್ಲ. ಆ ದಾರಿಯನ್ನು ಹಾಗೆ ಇಕ್ಕಟ್ಟು ಮಾಡಿದ್ದು ಯಾರು ಅನ್ನೋದನ್ನು ನಾವು ಕೇಳಬೇಕು.

ಅದಕ್ಕೆ ನೂರು ವರ್ಷ ಹಿಂದೆ ಹೋಗಬೇಕು. 1846ರಿಂದ 48ರವರೆಗೆ ಅಮೆರಿಕ ಮೆಕ್ಸಿಕೊ ಮೇಲೆ ಯುದ್ಧ ಮಾಡಿತು. 1848ರ ಫೆಬ್ರವರಿ 2ರಂದು ಗ್ವಾದಲೂಪೆ ಇದಾಲ್ಗೊ ಒಪ್ಪಂದ ಆಯಿತು. ಮೆಕ್ಸಿಕೊ ತನ್ನ ಅರ್ಧಕ್ಕಿಂತ ಹೆಚ್ಚು ನೆಲ ಕಳೆದುಕೊಂಡಿತು. ಇವತ್ತಿನ ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ಅರಿಜೋನಾ ಮತ್ತು ನ್ಯೂ ಮೆಕ್ಸಿಕೊದ ಬಹುಭಾಗ ಎಲ್ಲ ಆ ನೆಲವೇ. ಅಲ್ಲೇ ಉಳಿದ ಮೆಕ್ಸಿಕನ್ನರಿಗೆ ಅಮೆರಿಕದ ಪೌರತ್ವ ಎಂದು ಒಪ್ಪಂದ ಹೇಳಿತು. ಹೊರಗಿನವರು ಪೌರರಾಗಬೇಕಾದರೆ ಬಿಳಿಯರಾಗಿರಬೇಕು ಎಂಬ ಕಾಯ್ದೆ ಆ ದೇಶದಲ್ಲಿ 1790ರಿಂದಲೂ ಇತ್ತು. ಹೀಗಾಗಿ ಕಾಗದದ ಮೇಲೆ ಮೆಕ್ಸಿಕನ್ನರು ಬಿಳಿಯರಾದರು. ಮೆಕ್ಸಿಕೊದ ಕಾನೂನಿನಲ್ಲಿ ಪೌರರಾಗಿದ್ದ ಪ್ವೆಬ್ಲೊ ಮುಂತಾದ ಮೂಲನಿವಾಸಿಗಳು ಅದೇ ಹೊತ್ತಿಗೆ ಪೌರತ್ವದಿಂದ ಹೊರಗೆ ಬಿದ್ದರು. ನ್ಯೂ ಮೆಕ್ಸಿಕೊದ ಮೂಲನಿವಾಸಿಗಳಿಗೆ ಮತ ಹಾಕುವ ಹಕ್ಕು ಸಿಕ್ಕಿದ್ದು 1948ರಲ್ಲಿ, ಒಪ್ಪಂದವಾಗಿ ಸರಿಯಾಗಿ ನೂರು ವರ್ಷಕ್ಕೆ.

ಕಾಗದದ ಬಿಳಿತನ ಎಷ್ಟು ತೆಳು ಎಂಬುದಕ್ಕೆ ಮಾನ್ವೆಲ್ ದೊಮಿಂಗೆಸ್ ಅವರ ಉದಾಹರಣೆ ಸಾಕು. 1849ರ ಕ್ಯಾಲಿಫೋರ್ನಿಯಾ ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಇವರೊಬ್ಬರು. ದೊಡ್ಡ ಜಮೀನುದಾರರು. 1857ರಲ್ಲಿ ಒಂದು ಕೇಸಿನಲ್ಲಿ ಸಾಕ್ಷಿ ಹೇಳಲು ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. ಇವರ ಮೈಯಲ್ಲಿ ಇಂಡಿಯನ್ ರಕ್ತ ಇದೆ, ಸಾಕ್ಷಿ ನಡೆಯುವುದಿಲ್ಲ ಎಂದು ಎದುರು ವಕೀಲರು ತಕರಾರು ತೆಗೆದರು. ನ್ಯಾಯಾಧೀಶರು ಒಪ್ಪಿ ಕೆಳಗಿಳಿಸಿದರು. ತಾವೇ ಸಹಿ ಹಾಕಿದ ಸಂವಿಧಾನದ ರಾಜ್ಯದಲ್ಲಿ!

ಒಂದು ಅಡ್ಡ ಮಾತು. ಇದೇ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗೆ 1900ರ ನಂತರ ಪಂಜಾಬಿನ ಗಂಡಸರು ಬೇಸಾಯಕ್ಕೆ ಹೋದರು. ಊರಿಂದ ಹೆಣ್ಣು ಕರೆತರುವ ಹಾಗಿರಲಿಲ್ಲ, ಬಿಳಿ ಹೆಂಗಸರನ್ನು ಮದುವೆಯಾಗುವ ಹಾಗೂ ಇರಲಿಲ್ಲ. ತುಂಬಾ ಜನ ಮೆಕ್ಸಿಕೊ ಮೂಲದ ಹೆಂಗಸರನ್ನು ಮದುವೆಯಾದರು. ಮದುವೆಯ ಪರವಾನಗಿ ಕೊಡುವ ಗುಮಾಸ್ತ ಇಬ್ಬರ ಮೈಬಣ್ಣ ನೋಡಿ, ಇಬ್ಬರೂ ಕಂದು ಎಂದು ಬರೆದುಕೊಳ್ಳುತ್ತಿದ್ದ. ಕೋರ್ಟಿನಲ್ಲಿ ಬಿಳಿ, ಗುಮಾಸ್ತನ ಮೇಜಿನಲ್ಲಿ ಕಂದು. 1930ರ ಜನಗಣತಿಯಲ್ಲಿ ‘ಮೆಕ್ಸಿಕನ್’ ಎಂಬುದೇ ಒಂದು ಪ್ರತ್ಯೇಕ ಜನಾಂಗ. 1940ರ ಗಣತಿಗೆ ಮತ್ತೆ ಬಿಳಿ.

ಇಷ್ಟು ತಿಳಿದರೆ 1960ರ ದಶಕದ ಮಕ್ಕಳು ಯಾಕೆ ಅಷ್ಟು ಜೋರಾಗಿ ನಾವು ಬಿಳಿಯರಲ್ಲ ಎಂದು ಕೂಗಿದರು ಅನ್ನೋದು ಅರ್ಥವಾಗುತ್ತದೆ. 1968ರ ಮಾರ್ಚ್‌ನಲ್ಲಿ ಪೂರ್ವ ಲಾಸ್ ಏಂಜಲೀಸಿನ ಹೈಸ್ಕೂಲುಗಳಿಂದ ಸಾವಿರಾರು ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಶಿಕ್ಷೆ. ಬುದ್ಧಿವಂತ ಹುಡುಗರಿಗೂ ಕಾಲೇಜಿನ ಬದಲು ಕಸುಬು ಕಲಿಯಲು ಸಲಹೆ. ನಮ್ಮ ಇತಿಹಾಸ ಕಲಿಸಿ, ನಮ್ಮ ಭಾಷೆಯಲ್ಲೂ ಕಲಿಸಿ, ನಮ್ಮವರನ್ನೂ ಮೇಷ್ಟ್ರುಗಳಾಗಿ ತನ್ನಿ ಎಂಬುದು ಬೇಡಿಕೆ. ಜೊತೆಗೆ ನಿಂತ ಶಿಕ್ಷಕ ಸಾಲ್ ಕಾಸ್ಟ್ರೊ ಸೇರಿ ಹದಿಮೂರು ಜನರ ಮೇಲೆ ಕೇಸು ಬಿತ್ತು. ಈ ಹೋರಾಟದಲ್ಲಿ ಹುಡುಗಿಯರು ಎಷ್ಟು ದುಡಿದಿದ್ದರು ಅನ್ನೋದು ದಶಕಗಳ ಕಾಲ ಬರಹಕ್ಕೇ ಬರಲಿಲ್ಲ. ದೊಲೊರೆಸ್ ದೆಲ್ಗಾದೊ ಬೆರ್ನಾಲ್ 1990ರ ದಶಕದಲ್ಲಿ ಆ ಹೆಂಗಸರನ್ನು ಹುಡುಕಿ ಮಾತಾಡಿಸಿದ ಮೇಲೆ ಆ ಕಥೆ ಸರಿಯಾಗಿ ಹೊರಬಂತು.

ಹೆಸರಿನ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮೆಕ್ಸಿಕೊ ಮೂಲದ ಅಮೆರಿಕನ್ನರನ್ನು ಕರೆಯುವ ಚಿಕಾನೊ ಎಂಬ ಪದ ಮೊದಲು ಬೈಗುಳದ ಹಾಗೆ ಬಳಕೆಯಲ್ಲಿತ್ತು. ಈ ಮಕ್ಕಳು ಅದನ್ನೇ ಎದೆಯ ಮೇಲೆ ಬರೆದುಕೊಂಡರು. ಹೆಂಗಸರು ಚಿಕಾನಾ ಎಂದರು. ಗಂಡು ಹೆಣ್ಣು ಎಂಬ ಎರಡೇ ಗುಂಪಿಗೆ ಸೇರದವರನ್ನೂ ಒಳಗೊಳ್ಳಲು ಚಿಕಾನೆಕ್ಸ್ ಎಂಬ ರೂಪ ಆಮೇಲೆ ಬಂತು.

ಅದೇ ವರ್ಷ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಕಪ್ಪು, ಏಷ್ಯನ್, ಚಿಕಾನೊ, ಮೂಲನಿವಾಸಿ ವಿದ್ಯಾರ್ಥಿಗಳು ಒಟ್ಟಾಗಿ ಮುಷ್ಕರ ಹೂಡಿದರು. 1969ರ ಮಾರ್ಚ್‌ವರೆಗೆ ನಡೆಯಿತು. ಅಮೆರಿಕದ ಮೊದಲ ಜನಾಂಗೀಯ ಅಧ್ಯಯನ ಕಾಲೇಜು ಹುಟ್ಟಿದ್ದು ಅದರಿಂದ. ಏಪ್ರಿಲ್‌ನಲ್ಲಿ ಚಿಕಾನೊ ವಿದ್ಯಾರ್ಥಿಗಳು, ಅಧ್ಯಾಪಕರು ಸಾಂತಾ ಬಾರ್ಬರಾದಲ್ಲಿ ಸೇರಿ ವಿಶ್ವವಿದ್ಯಾಲಯಗಳಲ್ಲಿ ಚಿಕಾನೊ ಅಧ್ಯಯನ ಹೇಗಿರಬೇಕು ಎಂಬ ಯೋಜನೆ ಬರೆದರು. ನವೆಂಬರ್‌ನಲ್ಲಿ ಮೂಲನಿವಾಸಿ ಯುವಕರು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಅಲ್ಕಟ್ರಾಸ್ ದ್ವೀಪವನ್ನು ಹಿಡಿದು ಕೂತರು, 1971ರ ಜೂನ್‌ವರೆಗೆ ಬಿಡಲಿಲ್ಲ. ಅವರ ಮುಂದಾಳು, ಮೊಹಾಕ್ ಜನಾಂಗದ ರಿಚರ್ಡ್ ಓಕ್ಸ್, ಓದುತ್ತಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್‌ನಲ್ಲೇ.

ಈ ಎರಡು ಧಾರೆ ಕೂಡಿದ್ದು 1971ರಲ್ಲಿ. ಕ್ಯಾಲಿಫೋರ್ನಿಯಾದ ಡೇವಿಸ್ ಊರಿನ ಹತ್ತಿರ ಸೇನೆ ಬಿಟ್ಟುಹೋಗಿದ್ದ ಜಾಗದಲ್ಲಿ ಮೂಲನಿವಾಸಿಗಳು ಮತ್ತು ಚಿಕಾನೊಗಳು ಸೇರಿ ಒಂದು ಕಾಲೇಜು ಕಟ್ಟಿದರು. ಡಿ-ಕ್ಯೂ ಯೂನಿವರ್ಸಿಟಿ ಎಂದು ಹೆಸರು. ಜಾಗ ಬೇಗ ಕೊಡಲಿ ಎಂದು ವಿದ್ಯಾರ್ಥಿಗಳು ಬೇಲಿ ಹಾರಿ ಒಳಗೆ ಕೂತಿದ್ದರು. ಮುಂದಾಳುಗಳಲ್ಲಿ ಜ್ಯಾಕ್ ಫೋರ್ಬ್ಸ್ ಮತ್ತು ಹೂಪಾ ಜನಾಂಗದ ಡೇವಿಡ್ ರೈಸ್ಲಿಂಗ್ ಮುಖ್ಯರು. ಆಡಳಿತ ಮಂಡಳಿಯಲ್ಲಿ ಎರಡೂ ಕಡೆಯವರಿದ್ದರು. ಆಮೇಲೆ, ಬುಡಕಟ್ಟುಗಳೇ ನಡೆಸುವ ಕಾಲೇಜುಗಳಿಗೆ ಮಾತ್ರ ಕೇಂದ್ರದ ಅನುದಾನ ಎಂಬ ಕಾನೂನು 1978ರಲ್ಲಿ ಬಂತು. ಆಗ ಚಿಕಾನೊ ಸದಸ್ಯರು ಮಂಡಳಿಯಿಂದ ಹೊರಗೆ ಬಂದರು. ಕಾಲೇಜು ಉಳಿಯಲಿ ಎಂದು. 2005ರಲ್ಲಿ ಅದರ ಮಾನ್ಯತೆ ಹೋಯಿತು, ಅದು ಬೇರೆ ಕಥೆ. ಆದರೆ ಆ ರಾಜೀನಾಮೆಗಳನ್ನು ನಾನು ಈ ಚಳವಳಿಯ ದೊಡ್ಡ ಕ್ಷಣಗಳಲ್ಲಿ ಒಂದು ಎಂದು ಲೆಕ್ಕ ಹಾಕುತ್ತೇನೆ. ಜೊತೆಗೆ ನಿಲ್ಲುವುದು ಅಂದರೆ ಕೆಲವು ಸಲ ಎದ್ದು ಜಾಗ ಬಿಡುವುದು.

ಯಾಕೆ ಇದನ್ನು ಒತ್ತಿ ಹೇಳುತ್ತಿದ್ದೇನೆ ಅಂದರೆ, ಎಲ್ಲ ಕಡೆ ಹೀಗಾಗಲಿಲ್ಲ. 1969ರಲ್ಲಿ ಡೆನ್ವರ್‌ನಲ್ಲಿ ಸೇರಿದ ಚಿಕಾನೊ ಯುವಜನರು ಅಮೆರಿಕದ ನೈಋತ್ಯ ಭಾಗವೆಲ್ಲ ಅಸ್ತ್ಲಾನ್, ಅದು ನಮ್ಮ ತಾಯ್ನೆಲ ಎಂದು ಘೋಷಿಸಿದರು. ಮೆಕ್ಸಿಕೊದ ಅಸ್ಟೆಕ್ ಜನ ತಾವು ಅಸ್ತ್ಲಾನ್ ಎಂಬ ಜಾಗದಿಂದ ಬಂದವರು ಎಂದು ಹೇಳಿಕೊಳ್ಳುತ್ತಿದ್ದರು. ನಿಮ್ಮ ದೇಶಕ್ಕೆ ಹೋಗಿ ಎಂದು ದಿನಾ ಕೇಳಿಸಿಕೊಂಡ ಮಕ್ಕಳಿಗೆ ಆ ಮಾತು ಎಷ್ಟು ಬಲ ಕೊಟ್ಟಿರಬೇಕು, ಯೋಚಿಸಿ. ಆದರೆ ಅದೇ ನೆಲದಲ್ಲಿ ಓಓಧಮ್, ಪ್ವೆಬ್ಲೊ, ನವಾಹೊ, ಅಪಾಚಿ ಜನ ಇದ್ದಾರೆ. ಹಿಂದೆ ಯಾವಾಗಲೋ ಇದ್ದರು ಅಂತಲ್ಲ, ಈಗ ಇದ್ದಾರೆ. ತೊಹೊನೊ ಓಓಧಮ್ ಜನರ ನೆಲವನ್ನು ಮೆಕ್ಸಿಕೊ ಮತ್ತು ಅಮೆರಿಕ 1850ರ ದಶಕದಲ್ಲಿ ಗಡಿ ಎಳೆದು ಎರಡು ಹೋಳು ಮಾಡಿದವು. ಅವರ ಮೀಸಲು ಭೂಮಿಗೆ ಅಂತಾರಾಷ್ಟ್ರೀಯ ಗಡಿ ಸುಮಾರು 100 ಕಿಲೋಮೀಟರ್ ಉದ್ದಕ್ಕೆ ತಾಗಿಕೊಂಡಿದೆ. ಅವರಿಗೆ ನ್ಯೂ ಸ್ಪೇನ್ ಎಂಬ ಸ್ಪೇನಿನ ವಸಾಹತು, ಮೆಕ್ಸಿಕೊ, ಅಮೆರಿಕ ಮೂರೂ ಹೊರಗಿನಿಂದ ಬಂದ ಆಡಳಿತಗಳೇ. ಈಗ ನಾಲ್ಕನೆಯವರು ಬಂದು ಇದು ನಮ್ಮ ತಾಯ್ನೆಲ ಅಂದರೆ?

ಇದಕ್ಕೆ ಸುಲಭದ ಉತ್ತರ ಇಲ್ಲ. ಯಾಕಿ ಜನರನ್ನೇ ತೆಗೆದುಕೊಳ್ಳಿ. ಮೆಕ್ಸಿಕೊದ ಸೊನೋರಾದಲ್ಲಿ ಸರ್ಕಾರ ಅವರ ಮೇಲೆ ಯುದ್ಧ ಹೂಡಿ, ಹಿಡಿದವರನ್ನು ದೂರದ ತೋಟಗಳಿಗೆ ಗಡೀಪಾರು ಮಾಡುತ್ತಿದ್ದಾಗ ತುಂಬಾ ಜನ ಟೂಸಾನಿನ ಕಡೆ ಓಡಿ ಬಂದರು. ಗಡಿ ದಾಟಿದಾಗ ಅವರು ಎಲ್ಲರ ಕಣ್ಣಿಗೆ ಮೆಕ್ಸಿಕನ್ನರು. 1978ರಲ್ಲಿ ಅಮೆರಿಕ ಸರ್ಕಾರ ಅವರನ್ನು ಮೂಲನಿವಾಸಿ ಬುಡಕಟ್ಟು ಎಂದು ಒಪ್ಪಿಕೊಂಡಿತು. ಹಾಗಾದರೆ ಅವರು ಯಾರು? ಅವರನ್ನು ಕೇಳಿದರೆ ಯಾಕಿ ಎನ್ನುತ್ತಾರೆ, ಅಷ್ಟೇ. 2020ರ ಜನಗಣತಿಯಲ್ಲಿ ಸುಮಾರು 3.87 ಲಕ್ಷ ಜನ ತಮ್ಮ ಏಕೈಕ ಗುರುತು ‘ಅಸ್ಟೆಕ್’ ಎಂದು ಬರೆಸಿದರು. ನವಾಹೊ ಎಂದಷ್ಟೇ ಬರೆಸಿದವರಿಗಿಂತ ಇವರೇ ಜಾಸ್ತಿ. ಐನೂರು ವರ್ಷ ಅಳಿಸಿಹಾಕಲು ನೋಡಿದ್ದನ್ನು ಜನ ಮತ್ತೆ ಬರೆದುಕೊಳ್ಳುತ್ತಿದ್ದಾರೆ ಎಂದು ನನಗೆ ಸಂತೋಷ ಆಗುತ್ತದೆ. ಜೊತೆಗೇ ಒಂದು ಕಳವಳ. ಸಾಮ್ರಾಜ್ಯ ಕಟ್ಟಿದವರ ಹೆಸರು ಹೇಳಿಕೊಳ್ಳುವುದು ಸುಲಭ. ಪಕ್ಕದ ಹೊಲದಲ್ಲಿ ಸ್ಟ್ರಾಬೆರಿ ಕೀಳುವ, ಮೆಕ್ಸಿಕೊದ ಮೂಲನಿವಾಸಿ ಮಿಸ್ತೆಕ್ ಹೆಂಗಸನ್ನು ನಮ್ಮವಳು ಅನ್ನೋದು ಕಷ್ಟ.

ಕಷ್ಟ ಅಂತ ಸುಮ್ನೆ ಹೇಳುತ್ತಿಲ್ಲ. ಮೆಕ್ಸಿಕೊದ ಓಹಾಕಾ ರಾಜ್ಯದಿಂದ ಮಿಸ್ತೆಕ್, ಜಾಪೊತೆಕ್ ಭಾಷೆ ಆಡುವ ಸಾವಿರಾರು ಕುಟುಂಬಗಳು ಕ್ಯಾಲಿಫೋರ್ನಿಯಾಗೆ ಬಂದಿವೆ. ಎಷ್ಟೋ ಜನಕ್ಕೆ ಸ್ಪ್ಯಾನಿಷ್ ಎರಡನೇ ಭಾಷೆ. ಇವರ ಮಕ್ಕಳನ್ನು ಶಾಲೆಯಲ್ಲಿ ‘ಓಹಾಕೀತಾ’ (ಓಹಾಕಾದ ಪುಟ್ಟಿ), ‘ಇಂದೀತೊ’ (ಪುಟ್ಟ ಇಂಡಿಯನ್) ಎಂದು ಹಂಗಿಸುವವರು ಬಹಳ ಸಲ ಮೆಕ್ಸಿಕೊ ಮೂಲದ ಬೇರೆ ಮಕ್ಕಳೇ. 2012ರಲ್ಲಿ ಆಕ್ಸ್‌ನಾರ್ಡ್ ಊರಿನಲ್ಲಿ ಮಿಸ್ತೆಕ್ ಸಂಘಟನೆಯ ಯುವಕರು ಅಭಿಯಾನ ಮಾಡಿ, ಈ ಪದಗಳನ್ನು ಶಾಲೆಗಳಲ್ಲಿ ನಿಷೇಧಿಸುವ ನಿರ್ಣಯ ತರಿಸಿದರು. 2022ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್ ನಗರಸಭೆಯ ಅಧ್ಯಕ್ಷೆ ಓಹಾಕಾದ ಜನರ ರೂಪವನ್ನು ಹೀಯಾಳಿಸಿದ ಧ್ವನಿಮುದ್ರಣ ಹೊರಬಂತು. ಆಕೆ ಮೆಕ್ಸಿಕೊ ಮೂಲದವರೇ. ರಾಜೀನಾಮೆ ಕೊಡಬೇಕಾಯಿತು. ಓಹಾಕಾದ ಜನ ತಮ್ಮ ವಾದ್ಯಮೇಳದ ಜೊತೆ ಬೀದಿಯಲ್ಲಿ ಮೆರವಣಿಗೆ ಹೋದರು. ಚಿಕಾನೆಕ್ಸ್ ಅಧ್ಯಯನ ನಡೆಸುವವರು ಇದನ್ನು ಬದಿಗಿಟ್ಟು ಮುಂದೆ ಹೋಗುವ ಹಾಗಿಲ್ಲ. ಅವರಲ್ಲಿ ಬಹಳ ಜನ ಬದಿಗಿಟ್ಟೂ ಇಲ್ಲ. ಈ ವಿಮರ್ಶೆ ಜೋರಾಗಿ ಬಂದಿರುವುದೇ ಅವರ ಒಳಗಿನಿಂದ.

ಈಗ ವಿಶ್ವವಿದ್ಯಾಲಯದ ಒಳಗೆ ಹೋಗೋಣ. 1960ರ ದಶಕದಲ್ಲಿ ಮೆಕ್ಸಿಕನ್ ಅಮೆರಿಕನ್ನರ ಬಗ್ಗೆ ಬಂದ ಅಧ್ಯಯನಗಳನ್ನು ತೆರೆದರೆ ಒಂದೇ ಚಿತ್ರ. ಈ ಜನಕ್ಕೆ ಮಹತ್ವಾಕಾಂಕ್ಷೆ ಇಲ್ಲ, ಎಲ್ಲ ವಿಧಿಗೆ ಬಿಡುತ್ತಾರೆ, ಗಂಡಸರಿಗೆ ಬರೀ ಪೌರುಷದ ಚಿಂತೆ. ಬರ್ಕ್ಲಿಯ ಒಕ್ತಾವಿಯೊ ರೊಮಾನೊ 1968ರಲ್ಲಿ ಈ ಬರಹಗಳನ್ನು ಸಾಲುಸಾಲಾಗಿ ಎತ್ತಿಕೊಂಡು ಪ್ರಶ್ನಿಸಿದರು. ಗಣಿಗಳಲ್ಲಿ, ಹೊಲಗಳಲ್ಲಿ ಅಷ್ಟು ಮುಷ್ಕರ ಮಾಡಿದ ಜನ ವಿಧಿಗೆ ಬಿಟ್ಟು ಕೂತವರು ಹೇಗಾಗುತ್ತಾರೆ ಎಂಬ ಅರ್ಥದ ಮಾತು ಅವರದು. ಟೆಕ್ಸಾಸ್‌ನ ಜಾನಪದ ವಿದ್ವಾಂಸ ಅಮೆರಿಕೊ ಪರೆದೆಸ್ 1977ರ ಲೇಖನದಲ್ಲಿ ಇನ್ನೂ ಹತ್ತಿರದಿಂದ ನೋಡಿದರು. ಅವರು ಗಡಿಯಲ್ಲೇ ಹುಟ್ಟಿ ಬೆಳೆದವರು. ಹೊರಗಿನಿಂದ ಬಂದ ಸಂಶೋಧಕರ ಮುಂದೆ ಹಳ್ಳಿಯವರು ತಮಾಷೆ ಮಾಡಿದ್ದಾರೆ, ಉಪ್ಪು ಖಾರ ಹಚ್ಚಿ ಹೇಳಿದ್ದಾರೆ, ಬಂದವರನ್ನು ಸ್ವಲ್ಪ ಆಟ ಆಡಿಸಿದ್ದಾರೆ. ಸಂಶೋಧಕರು ಅದನ್ನೆಲ್ಲ ಈ ಜನರ ನಂಬಿಕೆ ಎಂದು ಬರೆದುಕೊಂಡು ಹೋಗಿದ್ದಾರೆ. ಪುಸ್ತಕ ಆಯಿತು, ಪಠ್ಯ ಆಯಿತು, ಅದನ್ನು ಓದಿದ ಮೇಷ್ಟ್ರು ಅದೇ ಹಳ್ಳಿಯ ಶಾಲೆಗೆ ಬಂದರು. ಕುರಿತೋದದೆಯೂ ಕಾವ್ಯ ಕಟ್ಟುವ ಜನರ ನಾಡಿನವರು ನಾವು. ಆಡುಮಾತಿನ ಕುಶಾಲು ಗೊತ್ತಿಲ್ಲದವನು ಬರೆದ ವರದಿ ಹೇಗಿರುತ್ತದೆ ಎಂದು ನಿಮಗೆ ವಿವರಿಸಬೇಕಿಲ್ಲ.

1984ರಲ್ಲಿ ಕಾನೂನು ಪ್ರಾಧ್ಯಾಪಕ ರಿಚರ್ಡ್ ದೆಲ್ಗಾದೊ ಇನ್ನೊಂದು ಲೆಕ್ಕ ತೆಗೆದರು. ನಾಗರಿಕ ಹಕ್ಕುಗಳ ಬಗೆಗಿನ ಮುಖ್ಯ ಲೇಖನಗಳ ಅಡಿಟಿಪ್ಪಣಿಗಳನ್ನು ನೋಡುತ್ತಾ ಹೋದರು. ಬೆರಳೆಣಿಕೆಯ ಬಿಳಿಯ ಗಂಡಸರು, ಅವರ ಲೇಖನದಲ್ಲಿ ಇವರ ಹೆಸರು, ಇವರ ಲೇಖನದಲ್ಲಿ ಅವರ ಹೆಸರು. ಕಪ್ಪು, ಚಿಕಾನೊ ವಿದ್ವಾಂಸರು ಬರೆದದ್ದು ಗ್ರಂಥಾಲಯದಲ್ಲಿ ಇದೆ, ಅಡಿಟಿಪ್ಪಣಿಯಲ್ಲಿ ಇಲ್ಲ. ಆ ಬಿಳಿಯರು ಒಳ್ಳೆಯವರೇ, ಹಕ್ಕುಗಳ ಪರ ಇದ್ದವರೇ. ದೆಲ್ಗಾದೊ ಹೇಳಿದ್ದು, ಒಳ್ಳೆಯವರಾಗಿದ್ದೂ ಹೀಗಾಗುತ್ತದೆ ಎಂದು. ಇವತ್ತಿಗೂ ಅಮೆರಿಕದ ಜನಸಂಖ್ಯೆಯಲ್ಲಿ ಲ್ಯಾಟಿನ್ ಅಮೆರಿಕ ಮೂಲದವರು ನೂರಕ್ಕೆ ಸುಮಾರು 19. ಪೂರ್ಣಾವಧಿ ಅಧ್ಯಾಪಕರಲ್ಲಿ ಸುಮಾರು 6. ಮೂಲನಿವಾಸಿ ಅಧ್ಯಾಪಕರು ನೂರಕ್ಕೆ ಒಬ್ಬರೂ ಇಲ್ಲ.

ಆದರೆ ಕುರ್ಚಿ ಹಂಚಿದರೆ ಮುಗಿಯಿತು ಎಂದುಕೊಳ್ಳಬೇಡಿ. ಹಾವಾಸುಪಾಯ್ ಜನರ ಕಥೆ ಹೇಳುತ್ತೇನೆ.

ಗ್ರ್ಯಾಂಡ್ ಕ್ಯಾನ್ಯನ್ನಿನ ತಳದಲ್ಲಿ ಸುಪಾಯ್ ಎಂಬ ಹಳ್ಳಿ. ಇವತ್ತಿಗೂ ಅಲ್ಲಿಗೆ ಟಪಾಲು ಹೇಸರಗತ್ತೆಯ ಮೇಲೆ ಇಳಿಯುತ್ತದೆ. ಸುಮಾರು 650 ಜನರ ಬುಡಕಟ್ಟು. ಸಕ್ಕರೆ ಕಾಯಿಲೆ ಅವರನ್ನು ಹಿಂಡುತ್ತಿತ್ತು. 1990ರಿಂದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು ಬಂದು ರಕ್ತದ ಮಾದರಿ ತೆಗೆದುಕೊಂಡರು. ಸಕ್ಕರೆ ಕಾಯಿಲೆಯ ಮೂಲ ಹುಡುಕುತ್ತಾರೆ ಎಂದು ಜನ ನಂಬಿ ತೋಳು ಚಾಚಿದರು. ಸಹಿ ಹಾಕಿದ ಕಾಗದದಲ್ಲಿ ಮಾತು ಅದಕ್ಕಿಂತ ಅಗಲವಾಗಿತ್ತು. ಎಷ್ಟೋ ಜನಕ್ಕೆ ಇಂಗ್ಲಿಷ್ ಎರಡನೇ ಭಾಷೆ.

2003ರಲ್ಲಿ ಕಾರ್ಲೆಟಾ ಟಿಲೂಸಿ ಎಂಬ ಹಾವಾಸುಪಾಯ್ ಹೆಣ್ಣುಮಗಳು ಅದೇ ವಿಶ್ವವಿದ್ಯಾಲಯದಲ್ಲಿ ಒಂದು ಪಿಎಚ್‌.ಡಿ. ಪ್ರಬಂಧದ ಮಂಡನೆಗೆ ಹೋಗಿ ಕೂತರು. ಮುಂದೆ ನಿಂತ ವಿದ್ಯಾರ್ಥಿ ತೋರಿಸುತ್ತಿದ್ದದ್ದು ಇವರ ಜನರ ರಕ್ತದಿಂದ ಬಂದ ಮಾಹಿತಿ. ಸಕ್ಕರೆ ಕಾಯಿಲೆಗೂ ಅದಕ್ಕೂ ಸಂಬಂಧ ಇರಲಿಲ್ಲ. ಟಿಲೂಸಿ ಎದ್ದು ಕೇಳಿದರು, ಇದಕ್ಕೆ ಅನುಮತಿ ಪಡೆದಿದ್ದೀರಾ? ಮಂಡನೆ ಅಲ್ಲಿಗೇ ನಿಂತಿತು. ಆಮೇಲೆ ಒಂದೊಂದಾಗಿ ಹೊರಬಂತು. ಆ ರಕ್ತದಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗದ ಮೂಲ ಹುಡುಕಿದ್ದರು, ಒಳಸಂಬಂಧದ ಮದುವೆಯ ಲೆಕ್ಕ ಹಾಕಿದ್ದರು, ಈ ಜನರ ಪೂರ್ವಿಕರು ಏಷ್ಯಾದಿಂದ ವಲಸೆ ಬಂದವರು ಎಂದು ಬರೆದಿದ್ದರು. ನಾವು ಈ ಕಣಿವೆಯಲ್ಲೇ ಹುಟ್ಟಿದವರು, ಇದರ ಕಾವಲುಗಾರರು ಎಂಬುದು ಹಾವಾಸುಪಾಯ್ ಜನರ ನಂಬಿಕೆ. ಆ ನೆಲದ ಮೇಲಿನ ಅವರ ಹಕ್ಕಿನ ಮಾತೂ ಅದರ ಜೊತೆ ಹೆಣೆದುಕೊಂಡಿದೆ.

ಬುಡಕಟ್ಟಿನವರು ವಿಶ್ವವಿದ್ಯಾಲಯದವರು ತಮ್ಮ ಭೂಮಿಗೆ ಕಾಲಿಡದಂತೆ ನಿಷೇಧಿಸಿದರು, ಕೇಸು ಹಾಕಿದರು. 2010ರಲ್ಲಿ ರಾಜಿ ಆಯಿತು. 41 ಜನರಿಗೆ ಒಟ್ಟು 7 ಲಕ್ಷ ಡಾಲರ್ ಪರಿಹಾರ, ಜೊತೆಗೆ ಉಳಿದ ರಕ್ತ ವಾಪಸ್. ಹಳ್ಳಿಯವರು ಹೋಗಿ ಫ್ರೀಜರಿನಿಂದ ಅದನ್ನು ಮನೆಗೆ ತಂದರು. ಕೊಟ್ಟವರಲ್ಲಿ ಕೆಲವರು ಅಷ್ಟರಲ್ಲಿ ತೀರಿಹೋಗಿದ್ದರು. ಪಕ್ಕದ ನವಾಹೊ ಜನ 2002ರಲ್ಲೇ ತಮ್ಮ ನೆಲದಲ್ಲಿ ವಂಶವಾಹಿ ಸಂಶೋಧನೆ ಬೇಡ ಎಂದು ನಿರ್ಣಯ ಮಾಡಿದ್ದರು. ವಿಜ್ಞಾನದ ವಿರೋಧಿಗಳು ಎಂದು ಅವರನ್ನು ಬೈದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ವಿಜ್ಞಾನಕ್ಕೆ ಹೇಳಿದ್ದು, ಮೊದಲು ನಮ್ಮ ಹತ್ತಿರ ಬಂದು ಕೂತು ಮಾತಾಡು ಎಂದು.

ಕೊನೆಯ ಉದಾಹರಣೆ ನಿಮಗೆ ಹತ್ತಿರದ್ದು. ಇಲ್ಲಿ ಕೂತಿರುವ ಎಷ್ಟು ಜನರ ಮಕ್ಕಳು, ಅಣ್ಣತಮ್ಮಂದಿರು ಫ್ರೀಮಾಂಟ್, ಸನಿವೇಲ್, ಪ್ಲೆಸೆಂಟನ್ ಕಡೆ ಇದ್ದಾರೆ? ನಮ್ಮ ಕನ್ನಡದವರು ಮನೆ ಮಾಡಿರುವ ಆ ನೆಲ ಮುವೆಕ್ಮಾ ಓಲೋನಿ ಜನರದು. ಫ್ರೀಮಾಂಟ್‌ನಲ್ಲಿ 1797ರಲ್ಲಿ ಸ್ಪೇನಿನ ಪಾದ್ರಿಗಳು ಕಟ್ಟಿದ ಮಿಷನ್ ಸ್ಯಾನ್ ಹೊಸೆ ಇದೆ, ನೋಡಲು ಹೋಗಿರುತ್ತೀರಿ. ಅಲ್ಲಿ ದುಡಿದು ಸತ್ತವರು ಈ ಜನ. ಉಳಿದವರು ಪ್ಲೆಸೆಂಟನ್ ಮತ್ತು ನೈಲ್ಸ್ ಹತ್ತಿರ ಒಟ್ಟಿಗೆ ಬಾಳಿದರು. 1925ರಲ್ಲಿ ಬರ್ಕ್ಲಿಯ ದೊಡ್ಡ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಬಗ್ಗೆ ದಪ್ಪ ಗ್ರಂಥ ತಂದರು. ಅದರಲ್ಲಿ ಈ ಗುಂಪು ಅಳಿದುಹೋಗಿದೆ ಎಂದು ಬರೆದರು. ಬದುಕಿರುವ ಜನರ ಬಗ್ಗೆ! ಅದೇ ಹತ್ತು ಹದಿನೈದು ವರ್ಷಗಳಲ್ಲಿ ಇನ್ನೊಬ್ಬ ವಿದ್ವಾಂಸ, ಜೆ. ಪಿ. ಹ್ಯಾರಿಂಗ್ಟನ್, ನೈಲ್ಸ್ ಹತ್ತಿರ ಹೊಸೆ ಗುಸ್ಮಾನ್ ಎಂಬ ಹಿರಿಯರ ಬಾಯಿಂದ ಈ ಜನರ ಚೊಚೆನ್ಯೊ ಭಾಷೆಯ ಮಾತು, ಹಾಡು ಬರೆದುಕೊಳ್ಳುತ್ತಿದ್ದರು. 1927ರಲ್ಲಿ ಸರ್ಕಾರ ತನ್ನ ಪಟ್ಟಿಯಿಂದ ಈ ಜನರನ್ನು ಬಿಟ್ಟುಬಿಟ್ಟಿತು. ನಂತರ ಕ್ರೋಬರ್ 1950ರ ದಶಕದಲ್ಲಿ ಮೂಲನಿವಾಸಿಗಳ ಭೂಮಿ ಪರಿಹಾರದ ಕೇಸಿನಲ್ಲಿ ಅವರ ಪರ ಸಾಕ್ಷಿ ಹೇಳಿದರು ಅನ್ನೋದನ್ನೂ ಹೇಳಬೇಕು. ಆದರೆ ಅಳಿದುಹೋಗಿದೆ ಎಂಬ ಆ ಒಂದು ವಾಕ್ಯ ಮುವೆಕ್ಮಾ ಜನರ ಬೆನ್ನು ಬಿಡಲೇ ಇಲ್ಲ. ಇವತ್ತಿಗೂ ಅವರು ಕೇಂದ್ರದ ಮಾನ್ಯತೆಗಾಗಿ ಹೋರಾಡುತ್ತಿದ್ದಾರೆ.

2021ರ ಜನವರಿಯಲ್ಲಿ ಬರ್ಕ್ಲಿ ತನ್ನ ಕ್ರೋಬರ್ ಕಟ್ಟಡದ ಹೆಸರು ತೆಗೆಯಿತು. ಆ ಕಟ್ಟಡದಲ್ಲಿರುವ ವಸ್ತುಸಂಗ್ರಹಾಲಯದ ಹೆಸರಿನಲ್ಲಿ ಸಾವಿರಾರು ಮೂಲನಿವಾಸಿಗಳ ಎಲುಬುಗಳನ್ನು ಸಂಗ್ರಹಿಸಿ ಇಟ್ಟಿದ್ದರು. ವಾಪಸ್ ಕೊಡಿ ಎಂಬ ಕೇಂದ್ರದ ಕಾನೂನು ಬಂದದ್ದು 1990ರಲ್ಲಿ, ಕೆಲಸ ಇನ್ನೂ ಮುಗಿದಿಲ್ಲ. 2022ರಲ್ಲಿ ಅದೇ ಕಟ್ಟಡದ ಅಂಗಳದಲ್ಲಿ ವಿನ್ಸೆಂಟ್ ಮೆಡೀನಾ ಮತ್ತು ಲೂಯಿ ಟ್ರೆವಿನೊ ಓಲೋನಿ ಅಡುಗೆಯ ಹೋಟೆಲ್ ತೆರೆದರು. ಓಕ್ ಮರದ ಕಾಯಿಯ ಹಿಟ್ಟಿನ ತಿನಿಸು, ಅಲ್ಲಿನ ಸೊಪ್ಪು, ಮೀನು. ಮೆಡೀನಾ ಚೊಚೆನ್ಯೊ ಮಾತಾಡುತ್ತಾರೆ. ಅದನ್ನು ಅವರು ಕಲಿತದ್ದು ಹ್ಯಾರಿಂಗ್ಟನ್ ಬರೆದಿಟ್ಟ ಟಿಪ್ಪಣಿಗಳನ್ನೂ ಆಧರಿಸಿ. ಸಂಶೋಧನೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ ಅನ್ನೋದಕ್ಕೆ ಇದೇ ಕಾರಣ. ಬರೆದಿಟ್ಟದ್ದು ಮೊಮ್ಮಕ್ಕಳ ಕೈಗೆ ಸಿಗುತ್ತದೋ ಇಲ್ಲವೋ, ನಾನು ಅದನ್ನು ನೋಡುತ್ತೇನೆ.

ನಿಮ್ಮಲ್ಲಿ ಅಲ್ಲಿಗೆ ಓದಲು ಹೋಗುವವರು ಇದ್ದೀರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಶುರುವಾದದ್ದೇ ಕೇಂದ್ರ ಸರ್ಕಾರ 1862ರ ಕಾಯ್ದೆಯಲ್ಲಿ ಕೊಟ್ಟ ಸುಮಾರು ಒಂದೂವರೆ ಲಕ್ಷ ಎಕರೆಯ ಬಲದಿಂದ. ಆ ಎಕರೆಗಳು ಮೂಲನಿವಾಸಿಗಳದು. 2022ರಿಂದ ಅದೇ ವಿಶ್ವವಿದ್ಯಾಲಯ ಕ್ಯಾಲಿಫೋರ್ನಿಯಾದ ಮೂಲನಿವಾಸಿ ವಿದ್ಯಾರ್ಥಿಗಳಿಗೆ ಶುಲ್ಕ ಮನ್ನಾ ಮಾಡಿದೆ. ಒಳ್ಳೆಯದೇ. ಆದರೆ ಕೇಂದ್ರದ ಪಟ್ಟಿಯಲ್ಲಿರುವ ಬುಡಕಟ್ಟಿನ ಮಕ್ಕಳಿಗೆ ಮಾತ್ರ. ಮುವೆಕ್ಮಾ ಮಕ್ಕಳು ಅದರ ಹೊರಗೆ. ಆಗ ಗ್ರೇಟನ್ ರಾಂಚೆರಿಯಾ ಎಂಬ ಇನ್ನೊಂದು ಬುಡಕಟ್ಟು ಮುಂದೆ ಬಂತು. ಸರ್ಕಾರ 1958ರ ಕಾನೂನಿನಲ್ಲಿ ಅವರ ಮಾನ್ಯತೆಯನ್ನೂ ಕಿತ್ತುಕೊಂಡಿತ್ತು, 2000ದಲ್ಲಿ ಹೋರಾಡಿ ವಾಪಸ್ ಪಡೆದವರು ಅವರು. ಪಟ್ಟಿಯ ಹೊರಗಿರುವ ಬುಡಕಟ್ಟುಗಳ ಮಕ್ಕಳ ಶುಲ್ಕಕ್ಕೆಂದು 25 ಲಕ್ಷ ಡಾಲರ್ ತಮ್ಮ ಕೈಯಿಂದ ಕೊಟ್ಟರು.